ದುಗ್ಗಮ್ಮ ಜೀಪು ನೋಡಿದ ಬಗೆ

ದುಗ್ಗಮ್ಮ ಯಾವ ವ್ಯಾಪಾರಕ್ಕೆ ಕೂತರೂ ಮೊದಲು ಹೇಳುತ್ತಿದ್ದ ಮಾತು ಒಂದೇ: "ನಂಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ, ನೀವು ಹೇಳಿದ ಹಾಗೆ." ಈ ಮಾತನ್ನು ನಂಬಿದವರು ಸುಳ್ಯ ಪೇಟೆಯಲ್ಲಿ ಮೂರು ನಾಲ್ಕು ಮಂದಿ ಇದ್ದರು. ಅವರು ಒಂದೊಂದು ಸಲ ಮಾತ್ರ ನಂಬಿದರು.

ಸುಳ್ಯದಿಂದ ಸಂಪಾಜೆಯ ಕಡೆಗೆ ಹೋಗುವ ರಸ್ತೆಯಲ್ಲಿ ಐದು ಮೈಲು ಹೋಗಿ, ಬಲಕ್ಕೆ ಇಳಿದು, ಹೊಳೆ ದಾಟಿ ಒಂದು ಏರು ಹತ್ತಿದರೆ ಅವಳ ಮನೆ. ಅವಳ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಗಂಡ ಚಳಿಜ್ವರದಲ್ಲಿ ತೀರಿಕೊಂಡ. ಗದ್ದೆ, ತೋಟ, ಎರಡು ಮಕ್ಕಳು, ಗಂಡನ ಅಕ್ಕ, ಇಷ್ಟು ಅವಳ ಪಾಲಿಗೆ ಉಳಿಯಿತು. ಹೆಣ್ಣು ಹೆಂಗಸು ಒಬ್ಬಳೇ ಏನು ಮಾಡಿಯಾಳು ಎಂದು ನೆಂಟರು ಎರಡು ವರ್ಷ ಕಾದರು. ಮೂರನೆಯ ವರ್ಷ ಅವರೇ ತಮ್ಮ ಎತ್ತು ಕೊಳ್ಳುವಾಗ ಅವಳನ್ನು ಜೊತೆಗೆ ಬರಲು ಕರೆಯತೊಡಗಿದರು.

ಒಮ್ಮೆ ಕೊಯಿಲದ ಹತ್ತಿರದ ಒಂದು ಮನೆಗೆ ಎಮ್ಮೆ ನೋಡಲು ಹೋಗಿದ್ದಳು. ಯಜಮಾನ ಎಮ್ಮೆಯ ಕೊಂಬು, ಕೆಚ್ಚಲು, ಅದರ ತಾಯಿ, ತಾಯಿಯ ತಾಯಿ ಎಲ್ಲವನ್ನೂ ವರ್ಣಿಸುತ್ತ ಹೋದ. ದುಗ್ಗಮ್ಮ ಹೂಂಗುಟ್ಟುತ್ತ ಹಿತ್ತಲಿಗೆ ನಡೆದು, ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಸೊಸೆಯನ್ನು ಕೇಳಿದಳು, "ಹಾಲು ಕರೆಯುದು ನೀನಾ ಮಗಳೇ?" ಹುಡುಗಿ ಆಚೀಚೆ ನೋಡಿ, ಸೀರೆಯನ್ನು ಒಂದು ಗೇಣು ಮೇಲೆತ್ತಿ, ಕಣಕಾಲಿನ ಮೇಲೆ ನೀಲಿಗಟ್ಟಿದ ಗಾಯ ತೋರಿಸಿದಳು. ದುಗ್ಗಮ್ಮ ಅಲ್ಲಿಂದಲೇ ಮನೆಗೆ ಹೊರಟುಬಂದಳು.

ಇಂಥವಳಿಗೆ ಜೀಪಿನ ಯೋಚನೆ ಬಂದದ್ದು ಸೊಸೆಯ ಹೆರಿಗೆಯಿಂದ. ಐವತ್ತೆಂಟನೆಯ ಇಸವಿಯ ಮಾರ್ಚಿನಲ್ಲಿ ಮಗ ಡೊಂಬಯ್ಯನ ಹೆಂಡತಿ ಕಮಲಾವತಿಗೆ ನೋವು ಕಾಣಿಸಿತು. ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು ಹೊಳೆ ದಾಟಿಸಿ ರಸ್ತೆಗೆ ತಂದರು. ಬಸ್ಸು ಸಿಕ್ಕಿತು. ಆದರೆ ಪುತ್ತೂರಿನ ಆಸ್ಪತ್ರೆ ಸಿಗುವ ತನಕ ಮಗು ಕಾಯಲಿಲ್ಲ. ಡ್ರೈವರು ಮೂಸಕುಂಞಿ ಜಾಲ್ಸೂರು ದಾಟಿದ ಮೇಲೆ ಬಸ್ಸು ನಿಲ್ಲಿಸಿ, ಗಂಡಸರನ್ನೆಲ್ಲ ಇಳಿಸಿ, ಒಂದೂವರೆ ಗಂಟೆ ಬಿಸಿಲಿನಲ್ಲಿ ಬಸ್ಸಿಗೆ ಬೆನ್ನು ಹಾಕಿಸಿ ನಿಲ್ಲಿಸಿದ. ಕೋರ್ಟಿಗೆ ಹೊರಟ ಇಬ್ಬರು ವಕೀಲರೂ ಹಾಗೆಯೇ ನಿಂತರು. ಹೆಣ್ಣುಮಗು ಹುಟ್ಟಿತು. ಲೋಲಾಕ್ಷಿ ಎಂದು ಹೆಸರಿಟ್ಟರೂ ಮೂಸಕುಂಞಿ ಮಾತ್ರ ಅವಳನ್ನು "ಟಿಕೇಟಿಲ್ಲದ ಪ್ಯಾಸೆಂಜರು" ಎಂದೇ ಕರೆಯುತ್ತಿದ್ದ.

"ಇನ್ನೊಂದು ಹೆರಿಗೆ ಬಸ್ಸಿನಲ್ಲಿ ಬೇಡ," ಎಂದು ದುಗ್ಗಮ್ಮ ತೀರ್ಮಾನಿಸಿದಳು. ಅಡಿಕೆಗೆ ಎರಡು ವರ್ಷದಿಂದ ಒಳ್ಳೆಯ ಧಾರಣೆ ಇತ್ತು. ಹೊಳೆ ದಾಟಿ, ಏರು ಹತ್ತಿ, ಮಕ್ಕಳು ಮೊಮ್ಮಕ್ಕಳು ಸೇರಿ ಮನೆಯ ಹನ್ನೊಂದು ಜನರನ್ನೂ ಹೊರುವ ಗಾಡಿ ಬೇಕಿತ್ತು. ಹೊಸತರ ಮಾತು ಎತ್ತುವ ಹಾಗಿರಲಿಲ್ಲ. ಯಾರಾದರೂ ಮಾರುವ ಹಳೆಯದನ್ನು ಹುಡುಕಬೇಕು.

ಮರುವರ್ಷ ಮೂಸಕುಂಞಿಯೇ ಸುದ್ದಿ ತಂದ. ಈಶ್ವರಮಂಗಲದ ವೆಂಕಟ್ರಮಣ ಭಟ್ಟರಲ್ಲಿ ಒಂದು ಗಾಡಿ ಉಂಟಂತೆ. ಯುದ್ಧದ ಕಾಲದ ಮಿಲಿಟರಿ ಗಾಡಿ, ಸಾಮಾನ್ಯ ಜೀಪಿನ ಒಂದೂವರೆಯಷ್ಟು ಉದ್ದ, ನಾಲ್ಕೂ ಚಕ್ರಕ್ಕೆ ಎಳೆತ. ಹರಾಜಿನಲ್ಲಿ ಹಿಡಿದವರು ಅದಕ್ಕೆ ಮರದ ಬಾಡಿ ಕಟ್ಟಿಸಿ, ಹಿಂದೆ ಎದುರುಬದುರಾಗಿ ಎರಡು ಬೆಂಚು ಹಾಕಿಸಿದ್ದರು. ಭಟ್ಟರು ಅದನ್ನು ನಾಲ್ಕು ವರ್ಷ ಓಡಿಸಿ ಈಗ ಮಾರಲು ಹೊರಟಿದ್ದರು.

ನೋಡಲು ಹೋದವರು ಮೂವರು: ಡೊಂಬಯ್ಯ, ಮೂಸಕುಂಞಿ, ದುಗ್ಗಮ್ಮ.

ಭಟ್ಟರು ಬಾಯ್ತುಂಬ ಮಾತಿನ, ಕೆಂಪಗಿನ, ನಲವತ್ತೈದರ ಗಂಡಸು. ಮಾತಾಡುವಾಗ ಎರಡೂ ಕೈ ಆಡಬೇಕು. ಕೈಯಲ್ಲಿ ಏನಾದರೂ ಇದ್ದರೆ ಅದೂ ಆಡುತ್ತಿತ್ತು. ಜೀಪಿಗೆ ಹೊಸ ಹಸಿರು ಬಣ್ಣ ಬಳಿದಿತ್ತು. ಅಂಗಳದಲ್ಲಿ ಬೇಕಾದಷ್ಟು ಜಾಗವಿದ್ದರೂ ಅದು ತೋಟಕ್ಕೆ ಇಳಿಯುವ ಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಂತಿತ್ತು.

ಅವರ ಹೆಂಡತಿ ಸತ್ಯವತಿ ಬೆಲ್ಲ, ನೀರು ತಂದಿಟ್ಟು ಬಾಗಿಲ ಹಿಂದೆ ನಿಂತಳು. ಗಂಡಸರು ಬಾನೆಟ್ಟು ತೆರೆದು ಅದರೊಳಗೆ ತಲೆ ಹಾಕಿದರು. ಸ್ವಲ್ಪ ಹೊತ್ತು ಮೂರು ಬೆನ್ನುಗಳು ಮಾತ್ರ ಕಾಣುತ್ತಿದ್ದವು. ದುಗ್ಗಮ್ಮ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ, ಮೆಲ್ಲಗೆ ಎದ್ದು, ಎತ್ತಿನ ಕುತ್ತಿಗೆ ಸವರುವ ಹಾಗೆ ಬಾನೆಟ್ಟಿನ ಬದಿ ಸವರಿದಳು.

"ಭಟ್ರೇ, ಬೆಳಿಗ್ಗೆ ಎಲ್ಲಿಗಾದ್ರೂ ಹೋಗಿದ್ರಾ?"

"ಇಲ್ಲಪ್ಪ. ನಿನ್ನೆ ಮಧ್ಯಾಹ್ನದಿಂದ ಇಲ್ಲೇ ನಿಂತದ್ದು."

"ಹಾಗಾದ್ರೆ ಜ್ವರವಾ? ಮೈ ಬಿಸಿ ಉಂಟು."

ಮೂಸಕುಂಞಿ ಕೆಮ್ಮಿದ. ಭಟ್ಟರು ಬಿಸಿಲಿಗೆ ಹಾಗಾದದ್ದು ಎಂದರು. ಜೀಪಿನ ಮೇಲೆ ಹಲಸಿನ ಮರದ ನೆರಳು ದಪ್ಪವಾಗಿ ಬಿದ್ದಿತ್ತು. ದುಗ್ಗಮ್ಮ ಮೇಲೆ ನೋಡಿದಳು, ಭಟ್ಟರೂ ಮೇಲೆ ನೋಡಿದರು. "ಬೆಳಿಗ್ಗೆಯ ಬಿಸಿಲು," ಎಂದರು ಅವರು.

ಓಡಿಸಿ ನೋಡಲು ಹೊರಟರು. ಭಟ್ಟರು ಸ್ಟೇರಿಂಗು ಹಿಡಿದು, ಜಾರಿನಲ್ಲಿ ಗಾಡಿಯನ್ನು ಉರುಳಲು ಬಿಟ್ಟು ಸ್ಟಾರ್ಟು ಮಾಡಿದರು. "ಸೆಲ್ಫ್ ಸ್ಟಾರ್ಟು ಉಂಟು. ಸುಮ್ಮನೆ ಬ್ಯಾಟ್ರಿ ಯಾಕೆ ಹಾಳು ಮಾಡುದು, ಅಲ್ವಾ?" ಕಾವು ಪೇಟೆಯ ಕಡೆಗೆ ಒಂದೂವರೆ ಮೈಲು, ಒಳ್ಳೆಯ ಸಪಾಟು ರಸ್ತೆ. ಎದುರು ಹಸುವೂ ಇಲ್ಲ, ಮನುಷ್ಯನೂ ಇಲ್ಲ; ಆದರೂ ಭಟ್ಟರು ಪಾಂಪಾಂ ಎಂದು ಹಾರನ್ನು ಒತ್ತುತ್ತಲೇ ಇದ್ದರು. ಗೇರು ಬದಲಿಸುವಾಗಲೆಲ್ಲ ಸ್ವಲ್ಪ ಹೆಚ್ಚೇ ಒತ್ತುತ್ತಿದ್ದರು.

ಹಿಂದಿನ ಬೆಂಚಿನಲ್ಲಿ ದುಗ್ಗಮ್ಮ ಒಬ್ಬಳೇ ಕೂತಿದ್ದಳು. ಕಾಲಡಿಯಲ್ಲಿ ಹೊಸ ತೆಂಗಿನ ನಾರಿನ ಚಾಪೆ ಹಾಸಿತ್ತು. ಒಳಗೆ ಬಾಕಿ ಎಲ್ಲ ಹಳತು ಇರುವಾಗ ಚಾಪೆ ಮಾತ್ರ ಹೊಸತು ಯಾಕೆ ಎಂದು ಅವಳಿಗೆ ತೋರಿತು. ಕಾಲಿನ ಹೆಬ್ಬೆರಳಿನಿಂದ ಚಾಪೆಯ ಅಂಚು ಸರಿಸಿ, ಸಂಚಿಯಿಂದ ಒಂದು ಅಡಿಕೆ ತೆಗೆದು ಅದರ ಅಡಿಗೆ ಹಾಕಿದಳು. ಅಡಿಕೆ ಉರುಳಿ ಹೋಯಿತು. ಇನ್ನೊಂದು ಹಾಕಿದಳು. ಅದೂ ಹೋಯಿತು. ಹೀಗೆ ಏಳು ಅಡಿಕೆ ಹಾಕಿ, ಹಿಂದಿನ ರಸ್ತೆಯನ್ನು ನೋಡುತ್ತ ಕೂತಳು.

ತಿರುಗಿ ಬರುವಾಗ ಭಟ್ಟರ ಮನೆಗೆ ಎರಡು ಫರ್ಲಾಂಗು ಇರುವಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಭಟ್ಟರು ಬ್ರೇಕು ಮೆಟ್ಟಿದರು, ಮತ್ತೆ ಮೆಟ್ಟಿದರು, ಮತ್ತೂ ಮೆಟ್ಟಿದರು. ಹೇಳಿದ ಜಾಗದಿಂದ ಮೂರು ತೆಂಗಿನಮರದಷ್ಟು ದೂರ ಹೋಗಿ ಗಾಡಿ ನಿಂತಿತು.

"ಎಂತ ದುಗ್ಗಕ್ಕ?"

"ಎಂತ ಇಲ್ಲ. ಕಾಲು ಜೋಮು ಹಿಡಿಯಿತು. ನಾನು ನಡ್ಕೊಂಡೇ ಬರ್ತೇನೆ."

ಅವಳು ಭಟ್ಟರ ಮನೆಗೆ ಬಂದಾಗ ಅಂಗೈಯಲ್ಲಿ ಮಣ್ಣು ಹತ್ತಿದ ಮೂರು ಅಡಿಕೆ ಇದ್ದವು. ಅವನ್ನು ಸೆರಗಿಗೆ ಒರೆಸಿ, ಒಂದನ್ನು ಕತ್ತರಿಸಿ ಭಟ್ಟರಿಗೆ ಎಲೆಯ ಜೊತೆ ಕೊಟ್ಟಳು. "ನಮ್ಮ ತೋಟದ್ದು. ರುಚಿ ನೋಡಿ. ನಿಮ್ಮ ರಸ್ತೆಯಲ್ಲೂ ಸಿಗ್ತದೆ ಮಾರಾಯ್ರೆ."

ಭಟ್ಟರಿಗೆ ಅದು ಅರ್ಥವಾಗಲಿಲ್ಲ. ಅಗಿಯುತ್ತ ಬೆಲೆ ಹೇಳಿದರು. ಡೊಂಬಯ್ಯನಿಗೆ ಗಾಡಿ ಮನಸ್ಸಿಗೆ ಹಿಡಿದಿತ್ತು, ತಲೆ ಆಡಿಸಲು ಹೊರಟಿದ್ದ. ದುಗ್ಗಮ್ಮ ನಡುವೆ ಬಾಯಿ ಹಾಕಿದಳು.

"ಗಾಡಿ ಚಂದ ಉಂಟು. ಆದ್ರೆ ನಂಗೆ ಎಂತ ಗೊತ್ತುಂಟು ಹೇಳಿ. ನಮ್ಮ ಮನೆಯವರೆಲ್ಲ ಒಮ್ಮೆ ಕೂತು ನೋಡ್ಬೇಕು. ಬರುವ ಆದಿತ್ಯವಾರ ಇದರಲ್ಲೇ ನಮ್ಮಲ್ಲಿಗೆ ಬನ್ನಿ. ಸತ್ಯವತಿಯಮ್ಮನನ್ನೂ ಕರ್ಕೊಂಡು. ನಮ್ಮಲ್ಲಿ ನೀವು ಊಟ ಮಾಡುದಿಲ್ಲ ಅಂತ ಗೊತ್ತುಂಟು. ಎಳನೀರಿಗೆ ಮಡಿ ಇಲ್ಲ ಅಲ್ವಾ?"

"ಬರುವ, ಬರುವ. ಅದಕ್ಕೆಂತ!" ಎಂದರು ಭಟ್ಟರು.

ಬಾಗಿಲ ಹಿಂದಿನಿಂದ ಸತ್ಯವತಿಯ ಸ್ವರ ಬಂತು. "ನಾನು ಬಸ್ಸಿನಲ್ಲಿ ಬಂದ್ರೆ ಆಗುದಿಲ್ವಾ?"

ಭಟ್ಟರು ತಿರುಗಿ ನೋಡಿದರು. ಸ್ವರ ನಿಂತಿತು. ದುಗ್ಗಮ್ಮ ಮಾತ್ರ ಇನ್ನೂ ಒಂದು ಗಳಿಗೆ ಬಾಗಿಲ ಕಡೆಗೇ ನೋಡುತ್ತಿದ್ದಳು.

ಹಿಂದಿರುಗುವ ದಾರಿಯಲ್ಲಿ ಡೊಂಬಯ್ಯ ಮುಖ ಉಬ್ಬಿಸಿಕೊಂಡಿದ್ದ. ಎಂಜಿನು ಚೆನ್ನಾಗಿಯೇ ಇದೆಯಲ್ಲ ಎಂದು ಮನೆಮಾತಾದ ಅರೆಭಾಷೆಯಲ್ಲಿ ಗೊಣಗಿದ, "ಎಂಜಿನ್ ಲಾಯ್ಕ ಉಟ್ಟು ಅವ್ವ. ಇನ್ನು ಎಂಥ ನೋಡ್ದು?"

"ನಿಂಗೆ ಎಂಜಿನ್ ಕಂಡತ್, ನಂಗೆ ಭಟ್ರ ಹೆಂಡ್ತಿ ಮುಖ ಕಂಡತ್. ಗಾಡಿಗೆ ಬಾಯಿ ಇಲ್ಲೆ ಮಗ. ಅದ್ರಲಿ ಕುದ್ದವುಕೆ ಬಾಯಿ ಉಟ್ಟು." ಗಾಡಿಯಲ್ಲಿ ಕೂತವರು ಬಾಯಿ ಬಿಟ್ಟರೆ ಸಾಕು ಎಂಬುದು ಅವಳ ಲೆಕ್ಕ.

ಆದಿತ್ಯವಾರ ಹತ್ತು ಗಂಟೆಗೆ ಬರಬೇಕಿದ್ದ ಜೀಪು ಹನ್ನೆರಡೂವರೆಗೆ ಬಂತು. ಅದು ಕಾಣುವ ಮೊದಲೇ ಹೊಳೆಯ ಆಚೆಯಿಂದ ಹಾರನ್ನು ಕೇಳಿಸಿತು. ಮನೆಯ ಹನ್ನೊಂದು ಜನರೂ ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ರಜೆ ಹಾಕಿ ಬಂದ ಮೂಸಕುಂಞಿ ಹನ್ನೆರಡನೆಯವನು. ಜೀಪು ಹೊಳೆಯ ನೀರನ್ನು ಎರಡು ಬದಿಗೆ ಸೀಳಿಕೊಂಡು ಬಂತು. ಏರಿನಲ್ಲಿ ಒಮ್ಮೆ ನಿಂತ ಹಾಗೆ ಮಾಡಿತು, ಭಟ್ಟರು ನಾಲ್ಕೂ ಚಕ್ರ ಎಳೆಯುವ ಸ್ಪೆಶಲ್ ಗೇರು ಹಾಕಿದರು, ಕಲ್ಲು ಬಂಡೆ ನೋಡದೆ ಮೇಲೆ ಬಂದೇ ಬಿಟ್ಟಿತು. ಡೊಂಬಯ್ಯನ ಕಣ್ಣು ತುಂಬಿ ಬಂದದ್ದೊಂದು ಕಡಿಮೆ.

ಜೀಪು ಅಂಗಳದಲ್ಲಿ ನಿಂತಿತೋ ಇಲ್ಲವೋ, ಎಡಗಡೆಯ ಬಾಗಿಲಿಗೆ ಒಳಗಿನಿಂದ ಧಡ್ ಧಡ್ ಎಂದು ಎರಡು ಒದೆ ಬಿದ್ದವು. ಬಾಗಿಲು ತೆರೆಯಿತು. ಸತ್ಯವತಿ ಕೆಳಗೆ ಹಾರಿದಳು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಒಂದು ಮರದ ಕೊರಡು. ಯಾರನ್ನೂ ನೋಡದೆ, ಯಾರಿಗೂ ನಮಸ್ಕಾರ ಹೇಳದೆ, ಹಿಂದಿನ ಚಕ್ರದ ಹತ್ತಿರ ಓಡಿ, ಕೊರಡನ್ನು ಚಕ್ರದ ಅಡಿಗೆ ಇಟ್ಟು, ಕಾಲಿನಿಂದ ಒಮ್ಮೆ ಒತ್ತಿ ಗಟ್ಟಿ ಮಾಡಿದಳು. ಆಮೇಲೆ ಕೈ ಕೊಡವಿ ತಲೆ ಎತ್ತಿದಳು.

ಹನ್ನೆರಡು ಜನ ಅವಳನ್ನೇ ನೋಡುತ್ತಿದ್ದರು. ಸ್ಟೇರಿಂಗಿನ ಹಿಂದೆ ಕೂತ ಭಟ್ಟರು ಕಣ್ಣು ಮುಚ್ಚಿದ್ದರು.

ನಾಲ್ಕು ವರ್ಷದ ಅಭ್ಯಾಸ. ಕೊರಡು ಇಡಬೇಡ ಎಂದು ಗಂಡನಿಂದ ದಾರಿಯುದ್ದಕ್ಕೂ ಹೇಳಿಸಿಕೊಂಡು ಬಂದಿದ್ದರೂ ಗಾಡಿ ನಿಂತ ಕೂಡಲೇ ಕಾಲು ತಾನಾಗಿ ಹಾರಿತ್ತು. ಸತ್ಯವತಿಯ ಮುಖ ಕೆಂಪಾಯಿತು. ಮೊದಲು ನಕ್ಕದ್ದು ಕಮಲಾವತಿ. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಆಮೇಲೆ ಸತ್ಯವತಿಯೂ ನಕ್ಕಳು. ಹೆಂಗಸರೆಲ್ಲ ನಗುತ್ತ ಒಳಗೆ ಹೋದರು. ಗಂಡಸರಿಗೆ ನಗಬೇಕೋ ಬೇಡವೋ ಎಂದು ಗೊತ್ತಾಗದೆ ಎಳನೀರು ಕೆತ್ತತೊಡಗಿದರು.

ಒಳಗಿನ ಮಾತು ಮುಕ್ಕಾಲು ಗಂಟೆ ನಡೆಯಿತು. ಕೇಳುವ ಕೆಲಸವೇ ದುಗ್ಗಮ್ಮನಿಗೆ ಬೀಳಲಿಲ್ಲ. ಸತ್ಯವತಿ ನಾಲ್ಕು ವರ್ಷದ್ದನ್ನು ಒಂದೇ ಉಸಿರಿಗೆ ಬಿಚ್ಚಿದಳು. ಹ್ಯಾಂಡು ಬ್ರೇಕು ಹೋಗಿ ಯಾವ ಕಾಲವಾಯಿತೋ. ಬೆಳಿಗ್ಗೆ ತಣ್ಣಗಿದ್ದರೆ ಮೂರು ಆಳು ನೂಕಬೇಕು. ನೀವು ಬರುವ ದಿನ ಐದು ಗಂಟೆಗೇ ನೂಕಿಸಿ ಬಿಸಿ ಮಾಡಿಟ್ಟಿದ್ದರು. ತಂಗಿಯ ಮದುವೆಗೆ ಹೋಗುವಾಗ ಚಾಪೆಯ ಅಡಿಯ ಓಟೆಯಿಂದ ಒಂದು ಹೊಸ ಚಪ್ಪಲಿ ಬಿದ್ದುಹೋಯಿತು. ಮದುವೆ ಮನೆಯಲ್ಲಿ ಇಡೀ ದಿನ ಬರಿಗಾಲಿನಲ್ಲಿ ನಡೆದೆ, ಎಲ್ಲರೂ ಎಷ್ಟು ಮಡಿ ಎಂದು ಹೊಗಳಿದರು.

"ಹಾಗಾದ್ರೆ ತೆಗೊಳ್ಳುದು ಬೇಡವಾ?" ಎಂದು ಕಮಲಾವತಿ ಕೇಳಿದಳು.

ಸತ್ಯವತಿ ಕೈ ಅಡ್ಡ ಆಡಿಸಿದಳು. "ಸುಳ್ಳು ಹೇಳ್ಬಾರ್ದು ನೋಡಿ. ದಾರಿಯಲ್ಲಿ ಕೈಬಿಟ್ಟದ್ದು ಅಂತ ಇಲ್ಲ. ಹೋದ ವರ್ಷ ಮರ ತುಂಬಿದ ಲಾರಿ ನಮ್ಮ ತೋಡಿನ ಕೆಸರಿನಲ್ಲಿ ಹುಗಿದಿತ್ತು. ಇದೇ ಎಳೆದು ಹಾಕಿದ್ದು. ನಮ್ಮ ಅತ್ತೆಗೆ ಎದೆನೋವು ಬಂದ ದಿನ ಅಷ್ಟು ದೊಡ್ಡ ಮಳೆ. ನಿಲ್ಲದೆ ಪುತ್ತೂರಿಗೆ ಮುಟ್ಟಿಸಿತು. ಅತ್ತೆ ಈಗಲೂ ಇದ್ದಾರೆ." ಮತ್ತೆ ಮೆಲ್ಲಗೆ ಸೇರಿಸಿದಳು, "ನಂಗೆ ಕೊರಡು ಇಡುದು ಮಾತ್ರ ಸಾಕಾಗಿದೆ ದುಗ್ಗಕ್ಕ."

ದುಗ್ಗಮ್ಮ ಹೊರಗೆ ಬಂದು ಜಗಲಿಯಲ್ಲಿ ಕೂತಳು. ಭಟ್ಟರು ಎರಡನೆಯ ಎಳನೀರು ಕುಡಿಯುತ್ತಿದ್ದರು.

"ಭಟ್ರೇ, ನಂಗೆ ಗೊತ್ತಿಲ್ಲದೆ ಕೇಳುದು. ಆ ಎಡಬದಿಯ ಬಾಗಿಲಿಗೆ ಎರಡು ಒದೆ ಸಾಕಾ, ಮಳೆಗಾಲದಲ್ಲಿ ಮೂರು ಬೇಕಾ?"

ಭಟ್ಟರು ಎಳನೀರಿನ ಬುರುಡೆಯೊಳಗೆ ಇಣುಕಿದರು.

"ಬೆಳಿಗ್ಗೆ ನೂಕುವ ಮೂರು ಆಳನ್ನು ಗಾಡಿಯ ಜೊತೆಗೇ ಕೊಡ್ತೀರಾ?"

ಭಟ್ಟರು ಬಾಗಿಲ ಕಡೆಗೆ ನೋಡಿದರು. ಸತ್ಯವತಿ ಲೋಲಾಕ್ಷಿಯನ್ನು ಎತ್ತಿಕೊಂಡು ದೂರದ ತೆಂಗಿನ ಮರದಲ್ಲಿ ಎಷ್ಟು ಕಾಯಿ ಉಂಟೆಂದು ಮಗುವಿಗೆ ಎಣಿಸಿ ತೋರಿಸುತ್ತಿದ್ದಳು.

"ಮತ್ತೆ ಆ ಚಪ್ಪಲಿ..."

"ಸಾಕು ಮಾರಾಯ್ತಿ!" ಭಟ್ಟರು ಎಳನೀರಿನ ಬುರುಡೆ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದರು. ಆಮೇಲೆ ಅವರಿಗೂ ನಗು ಬಂತು. ಹೊಟ್ಟೆ ಕುಣಿಯುವ ಹಾಗೆ ನಕ್ಕು, ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡರು. "ನಾನು ಬಣ್ಣ ಬಳಿಯುದಕ್ಕೆ ಕೊಟ್ಟ ದುಡ್ಡು ದಂಡ. ಇವಳ ಬಾಯಿಗೆ ಬಳಿಯಬೇಕಿತ್ತು."

"ಇನ್ನು ನಮ್ಮವರು ಕೂತು ನೋಡ್ಲಿ," ಎಂದಳು ದುಗ್ಗಮ್ಮ.

ಹನ್ನೊಂದು ಜನ ಹತ್ತಿದರು. ಎಲ್ಲರಿಗಿಂತ ದೊಡ್ಡ ಪರೀಕ್ಷೆ ಗಂಡನ ಅಕ್ಕನದು. ಆ ಮುದುಕಿಗೆ ಬಸ್ಸಿನಲ್ಲಿ ಕೂರುವುದು ಅತ್ತ ಇರಲಿ, ಬಸ್ಸಿನ ಹೊಗೆ ಮೂಗಿಗೆ ಬಡಿದರೆ ಸಾಕು, ವಾಂತಿಯಾಗುತ್ತಿತ್ತು. ಹದಿನೈದು ವರ್ಷದಿಂದ ಸುಳ್ಯ ಪೇಟೆ ಕಂಡಿರಲಿಲ್ಲ. ಅವಳನ್ನು ಬೆಂಚಿನ ನಡುವೆ, ಚಾಪೆ ತೆಗೆದ ಓಟೆಯ ನೇರಕ್ಕೆ ಕೂರಿಸಿದರು. ಮಡಿಲಲ್ಲಿ ಒಂದು ಪಾತ್ರೆ ಕೊಟ್ಟರು. ಈ ಸಲ ಮೂಸಕುಂಞಿ ಓಡಿಸಿದ. ಭಟ್ಟರು ಕೊರಡು ಹಿಡಿದು ಅವನ ಪಕ್ಕ ಕೂತರು.

ಜೀಪು ಏರು ಇಳಿದು, ಹೊಳೆಗೆ ಬಿದ್ದು, ಆಚೆ ದಡ ಹತ್ತಿ, ಸಂಪಾಜೆ ರಸ್ತೆಯಲ್ಲಿ ಎರಡು ಮೈಲು ಹೋಗಿ ತಿರುಗಿತು. ಹೊಳೆಯ ನಡುವೆ ಓಟೆಯಿಂದ ನೀರು ಬುಗ್ಗೆಯಾಗಿ ಚಿಮ್ಮಿ ಎಲ್ಲರ ಕಾಲೂ ತೋಯಿತು. ಮಕ್ಕಳು ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದವು. ಮನೆ ಮುಟ್ಟಿದಾಗ ದುಗ್ಗಮ್ಮ ಅತ್ತಿಗೆಯ ಮಡಿಲಿಗೆ ಇಣುಕಿದಳು. ಪಾತ್ರೆ ಖಾಲಿ.

"ಅಡಿಂದ ಗಾಳಿ ಬಂದದೆ," ಎಂದಳು ಮುದುಕಿ, ಅರೆಭಾಷೆಯಲ್ಲಿ. "ಲಾಯ್ಕ ಉಟ್ಟು. ನಾಳೆ ಪೇಟೆಗೆ ಹೋಕು."

ಮುದುಕಿಯೇ ಪೇಟೆಗೆ ಹೋಗಬೇಕೆಂದ ಮೇಲೆ ಅಲ್ಲಿಗೆ ತೀರ್ಮಾನವಾಯಿತು. ಬ್ರೇಕು, ಸೆಲ್ಫು, ಬಾಗಿಲು, ಗೇರು ಇವನ್ನು ಭಟ್ಟರ ಖರ್ಚಿನಲ್ಲಿ ಪುತ್ತೂರಿನ ಸಲಾಂ ಮೇಸ್ತ್ರಿಯ ಕೈಯಲ್ಲಿ ಸರಿ ಮಾಡಿಸಬೇಕು. ಸರಿಯಾದದ್ದನ್ನು ನೋಡಿ ಒಪ್ಪಬೇಕಾದವಳು ಸತ್ಯವತಿ. ಅವಳು ಹೂಂ ಎಂದರೆ ಮಾತ್ರ ಗಾಡಿ ಹೊಳೆ ದಾಟಬಹುದು. ಓಟೆ ಮುಚ್ಚಬಾರದು, ಅದಕ್ಕೆ ಒಂದು ಕಬ್ಬಿಣದ ಜಾಳಿಗೆ ಹಾಕಿದರೆ ಸಾಕು. ಸಲಾಂ ಮೇಸ್ತ್ರಿ ತನ್ನ ಜೀವಮಾನದಲ್ಲಿ ಓಟೆ ಉಳಿಸಲು ಹೇಳಿದ ಗಿರಾಕಿಯನ್ನು ಕಂಡಿರಲಿಲ್ಲವಂತೆ. ಎರಡು ಸಲ ಹೇಳಿ ಕಳಿಸಿ ವಿಚಾರಿಸಿದ.

ಸತ್ಯವತಿ ಮೊದಲ ಸಲ ನೋಡಿ ಬೇಡ ಎಂದಳು. ಬ್ರೇಕು ಇನ್ನೂ ಎರಡು ಸಲ ಮೆಟ್ಟಬೇಕಾಗಿತ್ತು. ಭಟ್ಟರು ಹಲ್ಲು ಕಚ್ಚಿ ಮತ್ತೆ ಕಳಿಸಿದರು. ಎರಡನೆಯ ಸಲ ಅವಳು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ತಾನು ದೂರದಲ್ಲಿ ಕಲ್ಲಿನ ಮೇಲೆ ಕೂತು, ಒಂದು ಮೊಳ ಮಲ್ಲಿಗೆ ಕಟ್ಟಿ ಮುಗಿಸಿದಳು. ಗಾಡಿ ಒಂದು ಅಂಗುಲ ಸರಿಯಲಿಲ್ಲ. ಹೂಂ ಎಂದಳು.

ಐವತ್ತೊಂಬತ್ತರ ದೀಪಾವಳಿಗೆ ಜೀಪು ಮನೆಗೆ ಬಂತು. ಡೊಂಬಯ್ಯ ಮೂಸಕುಂಞಿಯಿಂದ ಓಡಿಸಲು ಕಲಿತ. ಆದರೆ ಅಷ್ಟು ಆಸೆಪಟ್ಟವನು ಸ್ಟೇರಿಂಗು ಹಿಡಿದ ಕೂಡಲೇ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಅವನು ಓಡಿಸುವಾಗ ಎದುರಿನಿಂದ ಬಂದ ನಾಯಿ ದಾರಿಯಲ್ಲಿ ಮಲಗಿ, ಮೈ ತುರಿಸಿಕೊಂಡು, ಎದ್ದು ಹೋಗುವಷ್ಟು ಸಮಯವಿರುತ್ತಿತ್ತು. ದುಗ್ಗಮ್ಮ ಎರಡು ವರ್ಷ ಸಹಿಸಿದಳು. ಅರುವತ್ತೊಂದರಲ್ಲಿ ಕಮಲಾವತಿ ಮತ್ತೆ ಬಸುರಿಯಾದಳು. ನೋವು ಬಂದ ದಿನ ಡೊಂಬಯ್ಯ ಪುತ್ತೂರಿಗೆ ಹೊರಟ. ಕಾವು ಮುಟ್ಟುವಾಗ ಹಿಂದಿನ ಬೆಂಚಿನಲ್ಲಿ ಮಲಗಿದ್ದ ಕಮಲಾವತಿಯೇ ಎದ್ದು ಕೂತು, "ನೀವು ಇಳಿದು ನೂಕಿ, ಬೇಗ ಹೋಗ್ಬಹುದು," ಎಂದಳಂತೆ. ಹೇಗೋ ಆಸ್ಪತ್ರೆ ಮುಟ್ಟಿದರು. ಗಂಡುಮಗು ಮಂಚದ ಮೇಲೆ, ಡಾಕ್ಟರರ ಎದುರಿಗೇ ಹುಟ್ಟಿತು. ದುಗ್ಗಮ್ಮನಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಆದರೂ ಮಗು ತೊಟ್ಟಿಲಿಗೆ ಬಿದ್ದ ಮೇಲೆ ಸೊಸೆಯನ್ನು ಕರೆದು ಹೇಳಿದಳು, ಇನ್ನು ಮೇಲೆ ನೀನೇ ಕಲಿ.

ಕೊಯಿಲು ಮುಗಿದ ಗದ್ದೆಯಲ್ಲಿ ಕಮಲಾವತಿ ಕಲಿತಳು. ಎರಡು ಬೇಲಿ, ಒಂದು ಬೈಹುಲ್ಲಿನ ಬಣವೆ ಹೋಯಿತು. ಮಂಗಳೂರಿಗೆ ಹೋಗಿ ಲೈಸೆನ್ಸು ತಂದಳು. ಅರುವತ್ತಮೂರರ ಒಂದು ಸಂತೆಯ ದಿನ ಅತ್ತೆಯನ್ನು ಪಕ್ಕದಲ್ಲಿ, ಮುದುಕಿಯನ್ನು ಓಟೆಯ ಮೇಲೆ ಕೂರಿಸಿಕೊಂಡು ಸುಳ್ಯ ಪೇಟೆಗೆ ಇಳಿದಳು. ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದುಕೊಂಡೇ ರಸ್ತೆಗೆ ಬಂದರು. ಪೋಲೀಸಿನವನೊಬ್ಬ ಕೈ ಅಡ್ಡ ಹಿಡಿದು ಜೀಪು ನಿಲ್ಲಿಸಿದ. ಒಳಗೆ ಇಣುಕಿ ನೋಡಿ, ಯಾರೊಡನೆ ಮಾತಾಡಬೇಕೆಂದು ತಿಳಿಯದೆ ದುಗ್ಗಮ್ಮನನ್ನು ಕೇಳಿದ.

"ಅಮ್ಮ, ಡ್ರೈವರು ಎಲ್ಲಿ?"

"ಬಚ್ಚಲ ಹಂಡೆಗೆ ಬೆಂಕಿ ಹಾಕ್ಲಿಕ್ಕೆ ಮನೆಯಲ್ಲಿ ಬಿಟ್ಟು ಬಂದಿದ್ದೇವೆ," ಎಂದಳು ದುಗ್ಗಮ್ಮ. "ನೀನು ಸ್ವಲ್ಪ ಆಚೆ ನಿಲ್ಲು ಮಗ. ಅವಳಿಗೆ ತಿರುಗಿಸ್ಲಿಕ್ಕೆ ಜಾಗ ಸಾಲುದಿಲ್ಲ."